ಮೊಣಕಾಲಲ್ಲಿ ಗದ್ದೆನೀರು

ಜುಲೈ ೮, ಸೋಮವಾರ

ಬಿ.ಪಿ. ಸರಿ ಇದೆ. ಮಾತ್ರೆ ಎರಡೂ ಹೊತ್ತು ತಗೊಂಡೆ. ಕಿಡ್ನಿ ಹಾಕಿದ ಡಾಕ್ಟರು ಬರೆದಿಡಿ ಎಂದಿದ್ದು ಇಷ್ಟೇ. ಉಳಿದದ್ದು ನನ್ನ ಚಟ.

ಇವತ್ತು ಮಾಡಬಾರದ ಕೆಲಸ ಮಾಡಿದೆ. ಉಳವಿಯಿಂದ ಪರಮಶಿವಪ್ಪ ಬೆಳಿಗ್ಗೆಯೇ ಬಂದು ಅಂಗಡಿ ಮುಂದೆ ನಿಂತಿದ್ದರು. ಗದ್ದೆ ತುಂಬ ನೀರು ನಿಂತು ಸಸಿಮಡಿ ಮುಳುಗಿದೆ, ನೀರು ಹೊರಗೆ ಹಾಕುವ ಪಂಪು ಕೆಟ್ಟು ಕೂತಿದೆ. "ನೀವು ಬಂದ್ರೆ ಸಸಿ ಉಳೀತದೆ ಪ್ರಸಾದಣ್ಣ. ಇಲ್ಲಾಂದ್ರೆ ಈ ಸಲ ನಾಟಿನೇ ಇಲ್ಲ." ಅಂಗಡಿಯ ಕೆಲಸದವರು ಯಾರೂ ಬಂದಿರಲಿಲ್ಲ. ಶಿರಾಳಕೊಪ್ಪದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟವನು ಕೆಸರಿಗೆ ಇಳಿಯುವುದಿಲ್ಲ ಅಂದರೆ ಜನ ನಗುತ್ತಾರೆ. ಹೋದೆ. ಇಳಿದೆ. ಮೊಣಕಾಲೂರಿ ಕೂತು ಬಿಚ್ಚಿ, ಕಟ್ಟಿದೆ. ಕೆಸರಿನೊಳಗೆ ಹಳೇ ಕೂಳೆಯೋ ಕಲ್ಲೋ, ಎಡಮೊಣಕಾಲಿಗೆ ಏನೋ ಚುಚ್ಚಿತು. ಪಂಪು ಓಡಿದಾಗ ಪರಮಶಿವಪ್ಪ ಕೈ ಮುಗಿದರು. ಕಾಯಿಲೆ ಬಿದ್ದಾಗಿನಿಂದ ನಾನೇ ಎಲ್ಲರಿಗೂ ಕೈ ಮುಗಿಯುತ್ತ ಬಂದವನು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಚೈತ್ರಶ್ರೀಗೆ ಹೇಳಿಲ್ಲ. ಮಣ್ಣು ಮುಟ್ಟಬಾರದು, ಹಸಿ ತರಕಾರಿ ತಿನ್ನಬಾರದು, ಗುಂಪಿನಲ್ಲಿ ನಿಲ್ಲಬಾರದು ಎಂದು ಡಾಕ್ಟರು ಒಂದು ಸಲ ಹೇಳಿದ್ದನ್ನು ನನ್ನ ಹೆಂಡತಿ ದಿನಾ ಹೇಳುತ್ತಾಳೆ.

ಸಂಜೆ ಸೊರಬದಿಂದ ಅಕ್ಕನ ಫೋನು. ಸೋಮವಾರ ತಪ್ಪಿಸುವುದಿಲ್ಲ.

"ಪ್ರಸಾದ, ಹುಷಾರಿದೀಯನಾ?"

"ಹುಷಾರಿದೀನಿ ಅಕ್ಕ. ನೀವು?"

"ನಂಗೆಂತ ಆಗಿದೆ! ಈ ಭಾನುವಾರ ಬರ್ಲಾ ಅಂತ. ಹಲಸಿನ ಹಪ್ಪಳ ಮಾಡಿದೀನಿ."

"ಮಳೆ ಇದೆಯಲ್ಲ, ನೀವು ಯಾಕೆ ತೊಂದ್ರೆ ತಗೊಳ್ತೀರಿ. ನಾವೇ ಬರ್ತೀವಿ."

ಅಕ್ಕನೇ ಫೋನು ಇಟ್ಟರು. ನಾಲ್ಕು ವರ್ಷದಿಂದ ನಾನು ಸೊರಬಕ್ಕೆ ಹೋಗಿಲ್ಲ. ಹೋಗಿ ಏನು ಮಾತಾಡುವುದು? ತನ್ನ ಮೈ ಕೊಯ್ದು ಕಿಡ್ನಿ ಕೊಟ್ಟವರ ಎದುರು ಕೂತು ಕಾಫಿಗೆ ಸಕ್ಕರೆ ಕಡಿಮೆ ಎನ್ನಲಿಕ್ಕೆ ಆಗುತ್ತದೆಯೇ?

ಜುಲೈ ೧೭, ಬುಧವಾರ

ಎಡಮೊಣಕಾಲು ಬಾತುಕೊಂಡಿದೆ. ಚುಚ್ಚಿದ ಜಾಗ ಮಾಯ್ದು ಹೋಗಿದೆ, ಗುರುತೂ ಇಲ್ಲ. ಮಡಿಸಿದರೆ ಒಳಗೆ ನೀರು ತುಳುಕಿದ ಹಾಗೆ.

ವಿಚಿತ್ರ ಅಂದರೆ ಕೆಂಪಿಲ್ಲ. ಬಿಸಿ ಇಲ್ಲ. ಜ್ವರ ಇಲ್ಲ. ಚೈತ್ರಶ್ರೀ ಕೈ ಇಟ್ಟು ನೋಡಿ ಥಟ್ಟನೆ ತೆಗೆದಳು.

"ತಣ್ಣಗೈತಲ್ರೀ! ಈ ಕಾಲಿಗಿಂತ ತಣ್ಣಗೈತಿ."

ಊರಿನ ಡಾಕ್ಟರ ಹತ್ತಿರ ಹೋದೆವು. ಎಲ್ಲಾದರೂ ಬಿದ್ದಿರಾ ಎಂದು ಕೇಳಿದರು. ಬಿದ್ದಿಲ್ಲ ಎಂದೆ. ನಿಜವೇ ತಾನೆ. ಸ್ಟಿರಾಯ್ಡ್ ಮಾತ್ರೆ ಬಹಳ ದಿನ ನುಂಗಿದವರಿಗೆ ಕೀಲು ಸವೆಯುತ್ತದಂತೆ. ಮುಲಾಮು ಬರೆದರು.

ಜುಲೈ ೨೦, ಶನಿವಾರ

ಮುಲಾಮಿಗೆ ಇಳಿಯಲಿಲ್ಲ. ಡಾಕ್ಟರು ಸೂಜಿ ಹಾಕಿ ಮೊಣಕಾಲಿನ ನೀರು ತೆಗೆದರು. ಸಿರಿಂಜಿನಲ್ಲಿ ಬಂದದ್ದನ್ನು ಅವರು ಬೆಳಕಿಗೆ ಹಿಡಿದು ನೋಡಿದರು. ಕೀವಿನ ಹಾಗೆ ಹಳದಿ ಅಲ್ಲ. ಬಗ್ಗಡ. ಉತ್ತ ಗದ್ದೆಯಲ್ಲಿ ನಿಂತ ನೀರಿನ ಬಣ್ಣ. ಹಿಡಿದಿಟ್ಟರೆ ತಳಕ್ಕೆ ಕೂರುತ್ತಿತ್ತು.

ಲ್ಯಾಬಿಗೆ ಕಳಿಸಿದ್ದಾರೆ.

ಜುಲೈ ೨೪, ಬುಧವಾರ

ಲ್ಯಾಬಿನ ವರದಿ ಬಂತು. ಏನೋ ಒಂದು ಬೆಳೆದಿತ್ತಂತೆ. ಮಣ್ಣಿನಲ್ಲಿರುವ ಯಾವುದೋ ಕ್ರಿಮಿ. ಬಾಟಲಿಗೋ ಸೂಜಿಗೋ ಅಂಟಿಕೊಂಡು ಬಂದಿರಬೇಕು, ಕಾಯಿಲೆಯದ್ದಲ್ಲ ಎಂದು ಎಸೆದುಬಿಟ್ಟರಂತೆ. ಮೊಣಕಾಲು ಮಾತ್ರ ಮತ್ತೆ ತುಂಬಿಕೊಂಡಿದೆ.

ನೋವು ಹೇಳಲಾರೆ. ಅಂಗಡಿಗೆ ಹೋಗಲಾಗುತ್ತಿಲ್ಲ. ನನ್ನ ಹಾಸಿಗೆಯನ್ನು ಹಿಂದಿನ ಕೋಣೆಗೆ, ಕಿಟಕಿ ಪಕ್ಕಕ್ಕೆ ಹಾಕಿದ್ದಾಳೆ. ಅಂಗಡಿ ಅವಳೇ ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಊಟಕ್ಕೆ ಬಂದು ನನಗೂ ಹಾಕಿ, ಮುಂಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಾಳೆ.

ಹೊತ್ತು ಹೋಗುವುದಕ್ಕೆ ಕಿಟಕಿ ಇದೆ. ಹಿಂದಿನ ಗದ್ದೆಯಲ್ಲಿ ಇವತ್ತು ನಾಟಿ ಶುರುವಾಯಿತು. ಆ ತುದಿಯಲ್ಲಿ, ದೂರದಲ್ಲಿ, ಹೆಂಗಸರು ಸಾಲಾಗಿ ಬಗ್ಗಿದ್ದಾರೆ.

ಜುಲೈ ೨೬, ಶುಕ್ರವಾರ

ನೋವು ಕಡಿಮೆ! ಬೆಳಿಗ್ಗೆ ಎದ್ದಾಗ ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಬಚ್ಚಲಿಗೆ ನಾನೇ ಹೋಗಿ ಬಂದೆ. ಚಪ್ಪಲಿ ಯಾವಾಗ ಕಾಲಿಂದ ಜಾರಿತೋ ಗೊತ್ತಾಗಲೇ ಇಲ್ಲ, ಅಷ್ಟು ಆರಾಮ.

ಇಷ್ಟಾದರೂ ಚೈತ್ರಶ್ರೀ ಕಣ್ಣೊರೆಸಿಕೊಳ್ಳುತ್ತಾಳೆ. "ಶಿವಮೊಗ್ಗಕ್ಕಾದ್ರೂ ಹೋಗೋಣ್ರೀ, ನಿಮ್ಮ ಮುಖ ನೋಡ್ಕೊಂಡೀರೇನು?" ಎನ್ನುತ್ತಾಳೆ. ನೋವಿದ್ದಾಗ ಹೇಳಿದ್ದರೆ ಹೋಗುತ್ತಿದ್ದೆ. ಈಗ ಯಾಕೆ?

ಅನ್ನದಲ್ಲಿ ಮಣ್ಣಿನ ವಾಸನೆ. ಅಕ್ಕಿ ಸರಿಯಾಗಿ ತೊಳೆಯುತ್ತಿಲ್ಲ ಅವಳು. ಹೇಳಲಿಲ್ಲ.

ನಾಟಿಯವರು ಅರ್ಧ ಗದ್ದೆ ಮುಗಿಸಿದ್ದಾರೆ. ನಾಟಿ ಹಾಕುವವರು ಹಿಂದಹಿಂದಕ್ಕೆ ಬರುತ್ತಾರಲ್ಲ, ಹಾಗೆ ಬೆನ್ನು ನನ್ನ ಕಡೆ ಮಾಡಿಕೊಂಡು ಹತ್ತಿರ ಬರುತ್ತಿದ್ದಾರೆ. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಮುಖ ಕಾಣುವುದಿಲ್ಲ. ಒಬ್ಬರೂ ಹಾಡು ಹೇಳುತ್ತಿಲ್ಲ. ಸೊಂಟ ನೋವಿಗೆ ಎದ್ದು ನಿಲ್ಲುವುದೂ ಇಲ್ಲ.

ಜುಲೈ ೨೯, ಸೋಮವಾರ

ಅಕ್ಕನ ಫೋನು ಬಂತು.

"ಚೈತ್ರ ಹೇಳಿದ್ಲು ಕಾಲು ಬಾತಿದೆ ಅಂತ. ನಾಳೆ ಹೊರಟು ಬರ್ತೀನಿ."

"ಬೇಡ ಅಕ್ಕ. ನೀವು ಬಂದರೆ ದಾರಿ ಇಲ್ಲ. ಹಿಂದೆ ಎಲ್ಲ ನಾಟಿ ಆಗಿದೆ. ತುಳಿದುಬಿಡ್ತೀರಿ."

"ಎಂತ ನಾಟಿ? ಪ್ರಸಾದ, ನೀ ಎಂತ ಮಾತಾಡ್ತಿದೀಯಾ?"

ಎಲ್ಲರಿಗೂ ಈಗ ಕಿವಿ ಮಂದವಾಗಿದೆ. ಚೈತ್ರಶ್ರೀ ಮಾತಾಡಿದರೆ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಗಟ್ಟಿಯಾಗಿ ಹೇಳು ಎಂದರೆ ಅವಳಿಗೆ ಸಿಟ್ಟು. ನಾಟಿಯವರಿಗೆ ಒಂದು ಚೊಂಬು ನೀರು ಕೊಟ್ಟು ಬಾ ಎಂದೆ.

ಅವಳು ಕಿಟಕಿಯಿಂದ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಪಕ್ಕ ಕೂತು ನಿಧಾನಕ್ಕೆ, ಮಗುವಿಗೆ ಹೇಳುವ ಹಾಗೆ ಹೇಳಿದಳು: "ಅಲ್ಲಿ ಗದ್ದೆ ಇಲ್ರೀ. ಲೇಔಟ್ ಆಗಿ ಎರಡು ವರ್ಷ ಆತಲ್ಲ. ಸೈಟಿನ ಕಲ್ಲು ನೆಟ್ಟಾರ, ನೀವೇ ನೋಡಿಲ್ಲೇನು?"

ಹೌದು, ಕಲ್ಲು ನೆಟ್ಟಿದ್ದು ನೋಡಿದ್ದೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಕಲ್ಲಿನ ನಡುವೆಯೂ ನಾಟಿ ಹಾಕಬಹುದು. ಈಗ ಅವರ ಹಿಮ್ಮಡಿ ಕಾಣುವಷ್ಟು ಹತ್ತಿರ ಬಂದಿದ್ದಾರೆ. ಬಿಳಿಚಿಕೊಂಡು ಬಿರುಕು ಬಿಟ್ಟ ಹಿಮ್ಮಡಿಗಳು. ಕೈಯಲ್ಲಿರುವ ಸಸಿ ಮಾತ್ರ ಮುಗಿಯುವುದಿಲ್ಲ.

ಮಾತ್ರೆ ತಗೊಂಡೆ. ಅಕ್ಕನ ಕಿಡ್ನಿಗೆ ಏನೂ ಆಗಬಾರದು.

ಜುಲೈ ೩೨

ಗೋಡೆಗೆ ಬಂದರು. ಕಿಟಕಿ ಕೆಳಗೆ ಚಪಚಪ ಸದ್ದು. ಇನ್ನು ನೆಡಲಿಕ್ಕೆ ಜಾಗ ಇಲ್ಲ ಈ ಕಡೆ. ನನ್ನ ಮೊಣಕಾಲಲ್ಲಿ ಜಾಗ ಇದೆ ನೀರೂ ಇದೆ ಅಂದೆ. ಒಬ್ಬಳು ಎದ್ದು ನಿಂತಳು ಸೊಂಟ ಹಿಡಿದು. ಕೊಪ್ಪೆ ತೆಗೆದಳು. ತಿರುಗಿದಳು

ಅಕ್ಕ

ಆಗಸ್ಟ್ ೧೪, ಬುಧವಾರ

ಮಂಗಳೂರು ಕಡೆಯ ದೊಡ್ಡ ಆಸ್ಪತ್ರೆ. ಹೊಸ ಪೆನ್ನು.

ಮೇಲಿನ ಪುಟ ನಾನು ಬರೆದದ್ದು ಎಂದು ಚೈತ್ರಶ್ರೀ ಹೇಳುತ್ತಾಳೆ. ಅಕ್ಷರ ನನ್ನದೇ. ಬರೆದ ನೆನಪಿಲ್ಲ. ಹರಿದು ಹಾಕೋಣ ಎಂದಳು. ಬೇಡ ಎಂದೆ. ಯಾಕೆ ಎಂದು ಗೊತ್ತಿಲ್ಲ. ಹರಿದರೆ ನಾಟಿಯವರು ಮುನಿಸಿಕೊಳ್ಳುತ್ತಾರೇನೋ ಎಂದು ಒಂದು ಗಳಿಗೆ ಅನ್ನಿಸಿತು.

ಆಗಿದ್ದು ಇದಂತೆ. ನಾನು ಬೇಡ ಎಂದರೂ ಅಕ್ಕ ಸೊರಬದಿಂದ ಬಸ್ಸು ಹತ್ತಿ ಬಂದರು. ಮುಂಬಾಗಿಲಿಗೆ ಬೀಗ. ಕೂಗಿದರೆ ನಾನು ಓಗೊಡಲಿಲ್ಲ. ಮಳೆಯಲ್ಲಿ ಸೈಟಿನ ಕಲ್ಲುಗಳ ನಡುವೆ ಕೆಸರು ತುಳಿದುಕೊಂಡು ಹಿಂದಿನಿಂದ ಬಂದು ಕಿಟಕಿಯಲ್ಲಿ ಇಣುಕಿದರು. ತಲೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದಿದ್ದರು. ನಾನು ಅವರನ್ನೇ ನೋಡುತ್ತಿದ್ದೆನಂತೆ. ನಗುತ್ತಿದ್ದೆನಂತೆ. ತುಟಿ ನೀಲಿ. ಅಕ್ಕ ಕಿರುಚಿ ಪಕ್ಕದ ಮನೆಯವರನ್ನು ಕರೆದು, ಬೀಗ ಒಡೆಸಿ, ವ್ಯಾನಿಗೆ ಹಾಕಿಸಿದರು. ದಾರಿಯುದ್ದಕ್ಕೂ ನಾನು "ಸಸಿ ತುಳೀಬೇಡಿ, ಸಸಿ ತುಳೀಬೇಡಿ" ಎನ್ನುತ್ತಿದ್ದೆನಂತೆ.

ಇಲ್ಲಿನ ಲ್ಯಾಬಿನಲ್ಲೂ ಅದೇ ಬೆಳೆಯಿತು. ಇವರು ಎಸೆಯಲಿಲ್ಲ. ಮೊಣಕಾಲಿನಲ್ಲಷ್ಟೇ ಅಲ್ಲ, ರಕ್ತದಲ್ಲೂ ಇತ್ತು. ಡಾಕ್ಟರಮ್ಮ ಮೇಘನಾ ಎಂದು, ಚಿಕ್ಕ ವಯಸ್ಸು, ಮಂಚದ ಪಕ್ಕ ಸ್ಟೂಲು ಎಳೆದು ಕೂತು ಹೇಳಿದರು.

"ಇದು ಕೆಸರಿನಲ್ಲಿರೋ ಕ್ರಿಮಿ. ಮಳೆಗಾಲದಲ್ಲಿ ಮೇಲೆ ಬರುತ್ತೆ. ಗಟ್ಟಿ ಇದ್ದೋರಿಗೆ ಬಹಳ ಸಲ ಏನೂ ಮಾಡಲ್ಲ. ಕೀಲಿಗೆ ಹೋಗಿ ಕೂರೋದು ಅಪರೂಪ. ನಿಮ್ಮಂಥೋರನ್ನ ಹುಡುಕುತ್ತೆ."

"ಜ್ವರ ಯಾಕೆ ಬರಲಿಲ್ಲ ಮೇಡಂ? ಅಷ್ಟು ಇದ್ದರೂ?"

"ಜ್ವರ ಅನ್ನೋದು ಮೈಯೊಳಗಿನ ಕಾವಲುಗಾರ ಕೂಗೋದು. ಕಿಡ್ನಿ ಉಳೀಲಿ ಅಂತ ಅವನನ್ನ ನಾವೇ ಮಲಗಿಸಿದೀವಿ. ಮನೆಗೆ ಯಾರು ಬಂದ್ರೂ ಅವನಿಗೆ ಗೊತ್ತಾಗಲ್ಲ."

ಕೆಸರಿಗೆ ಇಳಿದಿದ್ದು ಹೇಳಿದೆ. ಚೈತ್ರಶ್ರೀ ಗೋಡೆ ಕಡೆ ಮುಖ ಮಾಡಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೧೭, ಶನಿವಾರ

ಮೊಣಕಾಲನ್ನು ಕೊಯ್ದು ತೊಳೆದದ್ದು ಇದು ಎರಡನೇ ಸಲ. ಮತ್ತೆ ತುಂಬಿದೆ. ಕ್ರಿಮಿಗೆ ಡ್ರಿಪ್ಪಿನ ಔಷಧಿ ಹೋಗುತ್ತಲೇ ಇದೆ. ಆದರೂ ಒಳಗೆ ಎಲ್ಲೋ ಅವಿತುಕೊಂಡು ಮತ್ತೆ ಏಳುತ್ತದೆ.

ಡಾಕ್ಟರು ಇವತ್ತು ಬಾಯಿ ಬಿಟ್ಟು ಹೇಳಿದರು. ಕಾವಲುಗಾರನನ್ನು ಎಬ್ಬಿಸಬೇಕು. ಕಿಡ್ನಿಯ ಮಾತ್ರೆ ಇಳಿಸುತ್ತ ಹೋಗಿ, ಬೇಕಾದರೆ ನಿಲ್ಲಿಸಬೇಕು. ಎದ್ದವನು ಕ್ರಿಮಿಯ ಮೇಲೆ ಬೀಳುತ್ತಾನೆ. ಅಕ್ಕನ ಕಿಡ್ನಿಯ ಮೇಲೂ ಬೀಳುತ್ತಾನೆ. ಅವನಿಗೆ ಎರಡೂ ಪರಕೀಯವೇ.

ಆಗಲ್ಲ ಎಂದೆ. ಕಾಲು ತೆಗೆಯಿರಿ ಬೇಕಾದರೆ.

"ಕಾಲು ತೆಗೆದ್ರೂ ರಕ್ತದಲ್ಲಿ ಉಳಿಯುತ್ತೆ, ಪ್ರಸಾದ್ ಅವರೇ."

ಅವರು ಹೋದ ಮೇಲೆ ಅಕ್ಕ ಬಾಗಿಲು ಮುಂದೆ ಮಾಡಿ ಬಂದರು. ನಾನು ಕಣ್ಣು ಮುಚ್ಚಿದೆ.

"ನಿದ್ದೆ ಬಂದೋನ ಹಂಗೆ ಆಡಬೇಡ. ನಿನ್ನ ಚಿಕ್ಕಂದಿನಿಂದ ನೋಡಿದೀನಿ."

"ಅಕ್ಕ, ನೀವು ಕೊಟ್ಟಿದ್ದು. ನಾನು ಹೇಗೆ ಹಾಳು ಮಾಡಲಿ?"

"ನಾ ಕೊಟ್ಟಿದ್ದು ಎಂತಕ್ಕೆ? ಪೂಜೆ ಮಾಡ್ಕೊಂಡು ಕೂರ್ಲಿ ಅಂತಾನಾ? ನೀ ಬದುಕಿರ್ಲಿ ಅಂತ. ನಾಲ್ಕು ವರ್ಷ ಬದುಕಿದೀಯ. ನಂದು ಅಷ್ಟಕ್ಕೇ ತೀರಿತು." ಅಕ್ಕ ನನ್ನ ಹೊದಿಕೆಯ ಅಂಚು ಸರಿಮಾಡಿದರು. "ನಾಲ್ಕು ವರ್ಷದಲ್ಲಿ ಒಂದ್ಸಲ ನಮ್ಮನೆಗೆ ಬಂದು ಊಟ ಮಾಡಿಲ್ಲ ನೀನು. ಆಸ್ಪತ್ರೆಯೋರು ಕಿಡ್ನಿ ಇಸ್ಕೊಂಡು ನನ್ನ ತಮ್ಮನನ್ನೂ ತಗೊಂಡು ಹೋದ್ರು ಅಂತ ಅಂದ್ಕೊಂಡಿದೀನಿ ನಾನು."

ಹೊರಗೆ ಯಾರದೋ ಟ್ರಾಲಿ ಉರುಳಿ ಹೋಯಿತು.

"ನಿಲ್ಸು ಅಂತ ಹೇಳು. ನೀ ಹೇಳ್ದಿದ್ರೆ ನಾನು ಹೇಳ್ತೀನಿ."

ಆಮೇಲೆ ಡಾಕ್ಟರು ಬಂದಾಗ ನಾನೇ ಹೇಳಿದೆ.

ಆಗಸ್ಟ್ ೨೩, ಶುಕ್ರವಾರ

ಜ್ವರ ಬಂತು. ಮೈ ಕುದಿಯಿತು, ಹಲ್ಲು ಕಟಕಟ. ನರ್ಸು ಓಡಿ ಬಂದಳು. ಡಾಕ್ಟರಮ್ಮ ಮಾತ್ರ ಥರ್ಮಾಮೀಟರು ನೋಡಿ ನಕ್ಕರು. ಮೊಣಕಾಲು ಮೊದಲ ಸಲ ಬಿಸಿಯಾಗಿದೆ, ಕೆಂಪಗೆ, ಮುಟ್ಟಿದರೆ ಪ್ರಾಣ ಹೋಗುತ್ತದೆ. ಎಷ್ಟು ನೋವು!

ಅವನು ಎದ್ದಿದ್ದಾನೆ.

ಆಗಸ್ಟ್ ೨೯, ಗುರುವಾರ

ಮೊಣಕಾಲಿನ ನೀರಲ್ಲಿ ಈಗ ಏನೂ ಬೆಳೆಯುತ್ತಿಲ್ಲ. ಮೂರನೇ ಸಲ ತೊಳೆಯುವುದು ಬೇಕಾಗಿಲ್ಲವಂತೆ.

ಮೂತ್ರ ಕಡಿಮೆಯಾಗುತ್ತಿದೆ. ಚೈತ್ರಶ್ರೀ ಅಳತೆ ನೋಡುತ್ತಾಳೆ, ನನಗೆ ಹೇಳುವುದಿಲ್ಲ. ಕಿಬ್ಬೊಟ್ಟೆಯ ಬಲಭಾಗದಲ್ಲಿ, ಅಕ್ಕನದನ್ನು ಇಟ್ಟ ಜಾಗದಲ್ಲಿ, ಭಾರ. ಕೈಯಿಟ್ಟರೆ ಗಟ್ಟಿ. ಒಳಗೆ ಹೊಡೆದಾಟ ನಡೆದಿದೆ ಎಂದು ಗೊತ್ತು. ಹೊರಗೆ ಏನೂ ಕೇಳುವುದಿಲ್ಲ. ಫ್ಯಾನು ತಿರುಗುತ್ತದೆ. ಪಕ್ಕದ ಮಂಚದವರು ಕಿತ್ತಳೆ ಸುಲಿಯುತ್ತಾರೆ.

ಸೆಪ್ಟೆಂಬರ್ ೬, ಶುಕ್ರವಾರ

ನಿಂತಿತು.

ಡಯಾಲಿಸಿಸ್ ಹಾಕಿದರು. ನನ್ನ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ತಿರುಗಿ ಬರುವುದನ್ನು ಅಕ್ಕ ನೋಡುತ್ತ ಕೂತಿದ್ದಳು. ಸತ್ತದ್ದನ್ನು ಹೊರಗೆ ತೆಗೆಯುತ್ತೀರಾ ಎಂದು ಡಾಕ್ಟರರನ್ನು ಕೇಳಿದಳು. ತೊಂದರೆ ಕೊಡದಿದ್ದರೆ ತೆಗೆಯುವುದಿಲ್ಲ, ಅಲ್ಲೇ ಬಿಡುತ್ತೇವೆ ಎಂದರು.

"ಅಲ್ಲೇ ಬಿಡ್ತಾರಂತೆ" ಎಂದಳು ನನಗೆ, ನಾನು ಕೇಳಿಸಿಕೊಂಡಿಲ್ಲ ಎನ್ನುವ ಹಾಗೆ.

ಅಕ್ಟೋಬರ್ ೯, ಬುಧವಾರ

ಮನೆಗೆ ಬಂದು ವಾರವಾಯಿತು. ವಾರಕ್ಕೆ ಮೂರು ಸಲ ಶಿಕಾರಿಪುರಕ್ಕೆ ಡಯಾಲಿಸಿಸ್. ಎಡಮೊಣಕಾಲು ಅರ್ಧ ಮಡಿಯುತ್ತದೆ. ಕ್ರಿಮಿಗೆ ಇನ್ನೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಕೆಲವರ ಮೈಯಲ್ಲಿ ಅದು ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು ಎದ್ದು ಬಂದದ್ದಿದೆ ಎಂದು ಡಾಕ್ಟರಮ್ಮ ಮನೆಗೆ ಕಳಿಸುವಾಗ ಹೇಳಿದರು.

ಪರಮಶಿವಪ್ಪ ನೋಡಲು ಬಂದಿದ್ದರು. ಆಸ್ಪತ್ರೆಯವರು ಅವರ ಗದ್ದೆಯ ಮಣ್ಣು ಚೀಲದಲ್ಲಿ ತುಂಬಿಕೊಂಡು ಹೋದರಂತೆ. "ಮಣ್ಣಾಗೆ ಐತಂತೆ ಪ್ರಸಾದಣ್ಣ. ನಮ್ಮಪ್ಪ ಅದರಾಗೇ ಆಡಿ ಬೆಳೆದ. ನನ್ನ ಮೊಮ್ಮಕ್ಳೂ ಅಲ್ಲೇ ಆಡ್ತಾವೆ." ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರು ಕೊಟ್ಟ ಬಾಳೆಗೊನೆಯನ್ನು ಚೈತ್ರಶ್ರೀ ಒಳಗೆ ತರಲಿಲ್ಲ. ಈಗ ಬಾಳೆಹಣ್ಣೂ ನನಗೆ ಆಗದು.

ಬೆಳಿಗ್ಗೆ ಅಕ್ಕನ ಜೊತೆ ಫೋನಿನಲ್ಲಿ ಜಗಳ. ಹಪ್ಪಳ ಕಳಿಸಿದ್ದಾಳೆ. ಉಪ್ಪು ಮುಟ್ಟಬಾರದವನಿಗೆ ಹಪ್ಪಳ! ಬುದ್ಧಿ ಇದೆಯೇನೇ ಎಂದೆ. ನಿನಗಲ್ಲ ಚೈತ್ರಂಗೆ ಅಂದಳು. ಫೋನು ಇಟ್ಟುಬಿಟ್ಟೆ. ಹತ್ತೇ ನಿಮಿಷಕ್ಕೆ ಮತ್ತೆ ಅವಳೇ ಮಾಡಿದಳು, ಬೇರೆ ಏನನ್ನೋ ಬಯ್ಯಲಿಕ್ಕೆ.

ಅಕ್ಟೋಬರ್ ೨೦, ಭಾನುವಾರ

ಸೊರಬದಿಂದ ಬರೆಯುತ್ತಿದ್ದೇನೆ. ಕೋಲು ಹಿಡಿದು ಬಸ್ಸು ಇಳಿದೆ. ಅಕ್ಕ ಬಸ್‌ಸ್ಟ್ಯಾಂಡಿಗೇ ಬಂದಿದ್ದಳು.

ಊಟಕ್ಕೆ ಕೂರಿಸಿ ತಾನೇ ಬಡಿಸಿದಳು. ಉಪ್ಪಿಲ್ಲದ ಸಾರು. ಚಪ್ಪೆ ಎಂದೆ. "ತಿನ್ನು, ರಾಗ ಎಳೀಬೇಡ." ಭಾವ ಒಳಗೆ ಮಲಗಿದ್ದರು. ಚೈತ್ರಶ್ರೀ ಪಾತ್ರೆ ತೊಳೆಯುತ್ತಿದ್ದಳು. ನಾನು ಜಗುಲಿಯ ಚಾಪೆಯಲ್ಲಿ ಕಾಲು ಚಾಚಿದೆ. ಅಕ್ಕ ಎಲೆಯಡಿಕೆ ತಟ್ಟೆ ಹಿಡಿದು ಪಕ್ಕ ಬಂದು ಕೂತಳು.

"ಅದು ನೋಯುತ್ತಾ?"

"ಯಾವುದು?"

"ನಂದು."

"ಇಲ್ಲ. ಮೊದಲು ಉಬ್ಬಿತ್ತು. ಈಗ ಸಣ್ಣದಾಗ್ತಾ ಇದೆ. ಒಣಗಿಹೋಗುತ್ತಂತೆ."

ಒಂದು ಎಲೆ ಆರಿಸಿ ಸುಣ್ಣ ಹಚ್ಚಿದಳು. ಆಮೇಲೆ ಸಣ್ಣಗೆ ನಕ್ಕಳು.

"ನಮ್ಮ ಜನ ಸತ್ತ ಮೇಲೆ ಮಣ್ಣು ಮಾಡ್ತಾರೆ. ನಂದು ಒಂದು ತುಂಡು ಮುಂಚೇನೇ ಮಣ್ಣಾಯ್ತು ನೋಡು. ಅದೂ ತಮ್ಮನ ಮೈಯೊಳಗೆ. ವಿಭೂತಿ ಇಲ್ಲ, ಮಂತ್ರ ಇಲ್ಲ."

"ಅಪಶಕುನ ಆಡಬೇಡ ಕಣೆ."

"ಎಂತ ಅಪಶಕುನ? ನಾ ಹೋದಾಗ ಪೂರ್ತಿ ಹೋಗ್ಲಿಕ್ಕೆ ಆಗಲ್ಲ. ಕಾಯ್ತಾ ಕೂತಿರ್ಬೇಕು, ನೀ ಬಂದು ಉಳಿದಿದ್ದು ಕೊಡೋ ತನಕ."

"ನಾನೇ ಮೊದಲು ಹೋದರೆ?"

"ಹಂಗಾದ್ರೆ ತಗೊಂಡು ಹೋಗಿ ಜಾಗ ಹಿಡಿದಿಡು. ಬಸ್ಸಲ್ಲಿ ಟವೆಲ್ ಹಾಕ್ತಾರಲ್ಲ, ಹಂಗೆ."

ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಏನಾಯ್ತು ಎಂದು ಚೈತ್ರಶ್ರೀ ಒದ್ದೆ ಕೈಯಲ್ಲೇ ಬಂದು ನೋಡಿ ಹೋದಳು.

ಯಾವಾಗ ನಿದ್ದೆ ಹತ್ತಿತೋ. ಕಣ್ಣು ಬಿಟ್ಟಾಗ ಬಿಸಿಲು ಜಗುಲಿ ಇಳಿದಿತ್ತು. ಅಕ್ಕ ಕಂಬಕ್ಕೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದು. ಅವಳ ಒಂದು ಕೈ ನನ್ನ ಕಿಬ್ಬೊಟ್ಟೆಯ ಬಲಭಾಗದ ಮೇಲಿತ್ತು. ಯಾವಾಗ ಇಟ್ಟಳೋ ಗೊತ್ತಿಲ್ಲ. ಕೈ ಬೆಚ್ಚಗಿತ್ತು. ಅದರ ಕೆಳಗೆ ಏನೂ ಮಿಡಿಯುತ್ತಿರಲಿಲ್ಲ. ಅಕ್ಕ ಮಾತ್ರ ನಿದ್ದೆಯಲ್ಲೇ ಮಗುವನ್ನು ತಟ್ಟುವ ಹಾಗೆ ಆಗಾಗ ಎರಡು ಬೆರಳು ಆಡಿಸುತ್ತಿದ್ದಳು.

ಅವಳು ತಾನಾಗಿ ಏಳುವ ತನಕ ನಾನು ಅಲುಗಾಡಲಿಲ್ಲ.